ಹಳೆಯ ಆಂಪ್‌ನ ಸೌಂಡ್, ಕಡಿಮೆ ಬೆಲೆಯ ಪೆಡಲ್‌ನಲ್ಲಿ: ಯಾವುದನ್ನು ತಗೊಳ್ಳಬೇಕು?

ಫೆಂಡರ್ ಡಿಲಕ್ಸ್ ರಿವರ್ಬ್, ವಾಕ್ಸ್ ಎಸಿ30, ಮಾರ್ಷಲ್ ಪ್ಲೆಕ್ಸಿ. ಎಲೆಕ್ಟ್ರಿಕ್ ಗಿಟಾರ್ ಹಿಡಿದ ಸ್ವಲ್ಪ ದಿನಕ್ಕೇ ಈ ಆಂಪ್‌ಗಳ, ಅಂದರೆ ಗಿಟಾರ್ ಸಿಗ್ನಲನ್ನು ದೊಡ್ಡದು ಮಾಡಿ ಕೇಳಿಸುವ ಆಂಪ್ಲಿಫೈಯರ್‌ಗಳ, ಹೆಸರುಗಳು ತಲೆಯಲ್ಲಿ ಕೂತುಬಿಡುತ್ತವೆ. ನಾವು ಇಷ್ಟಪಟ್ಟು ಕೇಳುವ ರಾಕ್, ಬ್ಲೂಸ್, ಪಾಪ್ ರೆಕಾರ್ಡಿಂಗ್‌ಗಳಲ್ಲಿ ಇವುಗಳ ಪಾಲು ಅಷ್ಟು ದೊಡ್ಡದು. ಆದರೆ ಗಾಜಿನ ವಾಲ್ವ್‌ಗಳಿಂದ ಕೆಲಸ ಮಾಡುವ ನಿಜವಾದ ಟ್ಯೂಬ್ ಆಂಪ್ ದುಬಾರಿ, ಭಾರ. ಮುಖ್ಯವಾಗಿ, ಅದರ ಒಳ್ಳೆಯ ಸೌಂಡ್ ಹೊರಬರಬೇಕಾದರೆ ಜೋರಾಗಿಯೇ ನುಡಿಸಬೇಕು. ಅಕ್ಕಪಕ್ಕ ಮನೆಗಳಿರುವ ಕಡೆ ಇದು ಆಗದ ಮಾತು, ಅಲ್ವಾ?

ಹಾಗಾಗಿ ಪೆಡಲ್, ಅಂದರೆ ಗಿಟಾರ್‌ನ ಕೇಬಲ್ ಸಾಲಿನಲ್ಲಿ ಕೂರಿಸಿ ಕಾಲಲ್ಲಿ ಆನ್ ಆಫ್ ಮಾಡುವ ಡಬ್ಬಿ. ಆಂಪ್‌ನ ಸೌಂಡನ್ನು ಅಂಗೈಯಗಲದ ಡಬ್ಬಿಯಲ್ಲಿ ಕೊಡುತ್ತೇವೆ ಎನ್ನುವ ಪೆಡಲ್‌ಗಳು ಈಗ ಬೇಕಾದಷ್ಟಿವೆ. ಕಡಿಮೆ ಬೆಲೆಯಲ್ಲೂ ನಿಜಕ್ಕೂ ಒಳ್ಳೆಯವು ಸಿಗುತ್ತವೆ. ಆದರೂ ತಗೊಂಡವರಲ್ಲಿ ಅನೇಕರಿಗೆ ಬೇಸರವಾಗುತ್ತದೆ. ಡೆಮೊದಲ್ಲಿ ಅಷ್ಟು ಚೆನ್ನಾಗಿತ್ತು, ನನ್ನ ಹತ್ತಿರ ಯಾಕೆ ಹೀಗೆ ಕೇಳುತ್ತದೆ ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಪೆಡಲ್ ಕೆಟ್ಟದಾಗಿರುವುದಿಲ್ಲ. ಅದರ ಮುಂದಿನ ಕೇಬಲ್ ತಪ್ಪು ಜಾಗಕ್ಕೆ ಹೋಗಿರುತ್ತದೆ. ಆದ್ದರಿಂದ ಯಾವ ಆಂಪ್‌ನ ಸೌಂಡ್ ಬೇಕು ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಪೆಡಲ್‌ನಿಂದ ಹೊರಟ ಸಿಗ್ನಲ್ ಎಲ್ಲಿಗೆ ಹೋಗಿ ಸೇರುತ್ತದೆ?

ಆಂಪ್‌ನ ಸೌಂಡ್ ಎಲ್ಲಿಂದ ಬರುತ್ತದೆ

ಆಂಪ್ ಅಂದರೆ ಒಂದೇ ವಸ್ತು ಅಲ್ಲ. ಮೊದಲು ಪ್ರೀಆಂಪ್ ಬರುತ್ತದೆ. ಗಿಟಾರ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವುದು ಅದರ ಕೆಲಸ. ಅದರೊಳಗೇ ಬಾಸ್, ಮಿಡ್, ಟ್ರೆಬಲ್ ಸರ್ಕ್ಯೂಟ್ ಇದೆ. ನಂತರ ಪವರ್ ಆಂಪ್, ಅದರ ಟ್ರಾನ್ಸ್‌ಫಾರ್ಮರ್. ಕೊನೆಗೆ ಸ್ಪೀಕರ್ ಮತ್ತು ಅದರ ಪೆಟ್ಟಿಗೆ. ಹಳೆಯ ಆಂಪ್‌ಗಳಲ್ಲಿ ಈ ಎಲ್ಲವೂ ಸೇರಿಯೇ ಸೌಂಡ್ ಆಗುತ್ತಿತ್ತು. ವಾಲ್ಯೂಮ್ ಏರಿಸಿದಾಗ ಪವರ್ ಟ್ಯೂಬ್‌ಗಳಲ್ಲಿ ಸೌಂಡ್ ಒಡೆಯಲು, ಅಂದರೆ ಒರಟಾಗಿ ಡಿಸ್ಟಾರ್ಟ್ ಆಗಲು, ಶುರುವಾಗುತ್ತದೆ. ಟ್ಯೂಬ್ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿಗೆ ಬದಲಿಸುವ ಟ್ಯೂಬ್) ಇರುವ ಆಂಪ್‌ಗಳಲ್ಲಿ ಜೋರಾಗಿ ಮೀಟಿದಾಗ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏಳುತ್ತದೆ. ಸ್ವರ ಸ್ವಲ್ಪ ಅದುಮಿ, ಆಮೇಲೆ ಅರಳಿದ ಹಾಗೆ ಕೇಳುತ್ತದೆ. ಗಿಟಾರ್ ನುಡಿಸುವವರು ಇದನ್ನು ಸ್ಯಾಗ್ ಅನ್ನುತ್ತಾರೆ. ಕೈಗೆ ಬರುವ ಆ ಮೆತ್ತನೆಯ ಅನುಭವಕ್ಕೆ ಇದೂ ಒಂದು ಕಾರಣ.

ಎಲ್ಲರೂ ಮರೆಯುವುದು ಸ್ಪೀಕರನ್ನು. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ಮೇಲಿನ ಸ್ವರಗಳನ್ನು ಸರಕ್ಕನೆ ಕತ್ತರಿಸಿಬಿಡುತ್ತದೆ. ಒಡೆದ ಸೌಂಡ್‌ನ ಮೇಲುಭಾಗದಲ್ಲಿ ಕಿರಕಿರ ತುಂಬಾ ಇರುತ್ತದೆ. ಅದು ನಮ್ಮ ಕಿವಿಗೆ ಬೀಳದಿರುವುದು ಈ ಕತ್ತರಿಯಿಂದಲೇ. ಅದೇ ಸಿಗ್ನಲನ್ನು ಹೆಡ್‌ಫೋನ್‌ಗೋ ಮಿಕ್ಸರ್‌ಗೋ ನೇರ ಕೊಟ್ಟರೆ ಜೇನ್ನೊಣ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಇದನ್ನು ತಡೆಯಲು ಕೆಲವು ಪೆಡಲ್‌ಗಳ ಒಳಗೇ ಸ್ಪೀಕರ್‌ನ ನಕಲು ಇರುತ್ತದೆ. ಅದನ್ನೇ ಸ್ಪೀಕರ್ ಸಿಮ್ಯುಲೇಶನ್ ಅಥವಾ ಕ್ಯಾಬ್ ಸಿಮ್ ಅನ್ನುವುದು.

ಪೆಡಲ್ ಈ ಸರಪಳಿಯ ಎಷ್ಟು ಕೊಂಡಿಗಳನ್ನು ನಕಲು ಮಾಡುತ್ತದೆ, ಉಳಿದದ್ದನ್ನು ನಿಮ್ಮ ಬಳಿ ಇರುವ ಯಾವ ಸಾಮಾನು ತುಂಬುತ್ತದೆ ಎನ್ನುವುದೇ ಇಡೀ ಹೋಲಿಕೆಯ ಬುಡ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಆಗಲೇ ಹೇಳಿದೆ: ಸಿಗ್ನಲ್ ಎಲ್ಲಿಗೆ ಹೋಗುತ್ತದೆ. ಗಿಟಾರ್ ಆಂಪ್‌ನ ಮುಂದಿನ ಇನ್‌ಪುಟ್‌ಗೋ, ಅದರ ಹಿಂದಿರುವ ಎಫೆಕ್ಟ್ಸ್ ರಿಟರ್ನ್‌ಗೋ (ನೇರ ಪವರ್ ಆಂಪ್‌ಗೆ ಹೋಗುವ ಜಾಕ್), ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್‌ಗೋ, ಸ್ಟೇಜ್ ಮಿಕ್ಸರ್‌ಗೋ.

ಎರಡನೆಯದು, ಪೆಡಲ್ ನಿಮ್ಮ ಕೈಗೆ ಹೇಗೆ ಉತ್ತರ ಕೊಡುತ್ತದೆ. ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿ, ಬಲವಾಗಿ ಮೀಟಿದರೆ ಒಡೆದು ಬರಬೇಕು. ಗಿಟಾರ್‌ನ ವಾಲ್ಯೂಮ್ ಇಳಿಸಿದಾಗ ಡ್ರೈವ್ (ಸೌಂಡ್ ಒಡೆಯುವ ಮಟ್ಟ) ಕರಗಿ ಕ್ಲೀನ್ ಆಗಬೇಕು. ಹಳೆಯ ಆಂಪ್‌ಗಳ ಜೀವ ಇರುವುದೇ ಇಲ್ಲಿ. ಈ ಗುಣ ಇಲ್ಲದ ಪೆಡಲ್ ಎಷ್ಟೇ ಆಂಪ್ ಹೆಸರು ಹೊತ್ತಿದ್ದರೂ ಅದು ಬರಿಯ ಡಿಸ್ಟಾರ್ಶನ್ ಪೆಡಲ್.

ಮೂರನೆಯದು, ನಿಮಗೆ ಕ್ಲೀನ್ ಎಷ್ಟು ಬೇಕು, ಒಡೆದದ್ದು ಎಷ್ಟು ಬೇಕು. ನಾಲ್ಕನೆಯದು, ಎಷ್ಟು ನಾಬ್‌ಗಳ ಜೊತೆ ಗುದ್ದಾಡಲು ನಿಮಗೆ ತಾಳ್ಮೆ ಇದೆ. ಇದು ಸಣ್ಣ ಮಾತಲ್ಲ. ಕೆಲವರಿಗೆ ಆರು ನಾಬ್ ಸಾಕು, ಖುಷಿಯಾಗಿ ನುಡಿಸುತ್ತಾರೆ. ಇನ್ನು ಕೆಲವರಿಗೆ ಆಪ್ ತೆರೆದು ಸೆಟ್ಟಿಂಗ್ ಬದಲಿಸುವುದೇ ಸಂತೋಷ.

ಕೊನೆಯದು ವಿದ್ಯುತ್. ಅನಲಾಗ್ ಪೆಡಲ್ ಸಾಮಾನ್ಯವಾಗಿ ಹತ್ತಿಪ್ಪತ್ತು ಮಿಲಿಆಂಪ್‌ನಲ್ಲಿ ಮುಗಿಸುತ್ತದೆ. ಡಿಜಿಟಲ್ ಪೆಡಲ್‌ಗೆ ನೂರರಿಂದ ಮುನ್ನೂರು ಮಿಲಿಆಂಪ್ ಬೇಕಾಗುವುದು ಮಾಮೂಲು, ಕೆಲವಕ್ಕೆ ಇನ್ನೂ ಜಾಸ್ತಿ. ನಿಮ್ಮ ಹಳೆಯ ಅಡಾಪ್ಟರ್ ಅಷ್ಟು ಕೊಡದಿದ್ದರೆ ಪೆಡಲ್ ಜೊತೆಗೆ ಹೊಸ ಪವರ್ ಸಪ್ಲೈ ಖರ್ಚೂ ಸೇರುತ್ತದೆ.

ಸಾದಾ ಓವರ್‌ಡ್ರೈವ್: ಅರ್ಧ ಕೆಲಸ ಇದರಿಂದಲೇ ಆಗಬಹುದು

ಓವರ್‌ಡ್ರೈವ್ ಅಂದರೆ ಸೌಂಡನ್ನು ಮೆತ್ತಗೆ ಒಡೆಯುವ ಪೆಡಲ್. ನಿಮ್ಮ ಬಳಿ ಈಗಾಗಲೇ ಒಂದು ಒಳ್ಳೆಯ ಕ್ಲೀನ್ ಆಂಪ್ ಇದ್ದರೆ ಇಲ್ಲಿಂದ ಶುರು ಮಾಡಿ. ಬಾಸ್ (Boss) ಕಂಪನಿಯ ಬ್ಲೂಸ್ ಡ್ರೈವರ್, ಅಂದರೆ ಬಿಡಿ-2, 1995ರಿಂದ ಬರುತ್ತಿದೆ. ಹೆಸರಲ್ಲಿ ಯಾವ ಆಂಪ್ ಕೂಡ ಇಲ್ಲ. ಆದರೆ ಅದರ ಸರ್ಕ್ಯೂಟಿನ ಮಧ್ಯೆ ಫೆಂಡರ್ ಮಾದರಿಯ ಟೋನ್ ಸ್ಟ್ಯಾಕ್ (ಬಾಸ್, ಮಿಡ್, ಟ್ರೆಬಲ್ ಹೊಂದಿಸುವ ಸರ್ಕ್ಯೂಟ್) ಒಂದನ್ನು ಸ್ಥಿರವಾಗಿ ಕೂರಿಸಿದ್ದಾರೆ. ಅದಕ್ಕೇ ಗೇನ್ (ಸಿಗ್ನಲನ್ನು ಎಷ್ಟು ಏರಿಸಿ ಒಡೆಯಬೇಕು ಎಂಬ ಅಳತೆ) ಕಡಿಮೆ ಇಟ್ಟಾಗ ಅದು ಪೆಡಲ್‌ಗಿಂತ ಆಂಪ್ ಥರ ಕೇಳುತ್ತದೆ. ಕೈಗೆ ಚೆನ್ನಾಗಿ ಸ್ಪಂದಿಸುತ್ತದೆ. ಗಿಟಾರ್ ವಾಲ್ಯೂಮ್ ಇಳಿಸಿದರೆ ಸ್ವಚ್ಛವಾಗುತ್ತದೆ.

ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್‌ನ ಬಳಗದವು ಬೇರೆ ರೀತಿ. ಸುಮಾರು 720 ಹರ್ಟ್ಜ್ ಸುತ್ತ ಮಿಡ್ ಉಬ್ಬಿಸಿ, ಬಾಸ್ ಕತ್ತರಿಸುತ್ತವೆ. ಈಗಾಗಲೇ ಸೌಂಡ್ ಒಡೆಯುತ್ತಿರುವ ಟ್ಯೂಬ್ ಆಂಪ್‌ನ ಇನ್‌ಪುಟ್‌ಗೆ ಹಾಕಿದರೆ ಇವು ಅದ್ಭುತ. ಆಂಪ್‌ನ ನಕಲಾಗಿ ಮಾತ್ರ ಒಗ್ಗುವುದಿಲ್ಲ.

ಈ ದಾರಿಯ ಮಿತಿ ಸ್ಪಷ್ಟ. ಇವು ನಿಮ್ಮ ಆಂಪ್ ಮೇಲೆ ನಿಂತಿರುತ್ತವೆ. ಆಂಪ್ ಇಲ್ಲದೆ ನೇರ ಇಂಟರ್‌ಫೇಸ್‌ಗೆ ಹಾಕಿದರೆ ಏನೂ ಉಳಿಯುವುದಿಲ್ಲ.

ಡಬ್ಬಿಯೊಳಗಿನ ಪ್ರೀಆಂಪ್

ಎರಡನೆಯ ಬಗೆ ಇನ್ನೂ ಆಸಕ್ತಿಯದು. ಹಳೆಯ ಆಂಪ್‌ನ ಸರ್ಕ್ಯೂಟನ್ನೇ ತಗೊಂಡು, ಪ್ರತಿ ಟ್ಯೂಬ್ ಇದ್ದ ಕಡೆ ಒಂದು ಜೆಫೆಟ್ ಟ್ರಾನ್ಸಿಸ್ಟರ್ ಹಾಕುತ್ತಾರೆ. ಟೋನ್ ಸ್ಟ್ಯಾಕ್ ಬಹುತೇಕ ಮೂಲದ್ದೇ. ಕ್ಯಾಟಲಿನ್‌ಬ್ರೆಡ್‌ನ ಡರ್ಟಿ ಲಿಟಲ್ ಸೀಕ್ರೆಟ್ ಮಾರ್ಷಲ್ ಕಡೆಯದು. ಅವರದೇ ಫಾರ್ಮುಲಾ 55 ಫೆಂಡರ್‌ನ ಹಳೆಯ ಟ್ವೀಡ್ ಡಿಲಕ್ಸ್ ಆಂಪನ್ನು ಅನುಸರಿಸಿದ್ದು. ವ್ಯಾಂಪ್ಲರ್‌ನ ಪ್ಲೆಕ್ಸಿ ಡ್ರೈವ್ ಕೂಡ ಇದೇ ಸಾಲಿನದು. ಇದೇ ದಾರಿಯಲ್ಲಿ ನಡೆದ ಕಡಿಮೆ ಬೆಲೆಯ ಪೆಡಲ್‌ಗಳೂ ಬಹಳ ಇವೆ.

ಮಾರ್ಷಲ್ ಕಂಪನಿಯೇ 1988ರಲ್ಲಿ ಗವರ್ನರ್ ಎಂಬ ಪೆಡಲ್ ತಂದಿತ್ತು. ಬಾಸ್, ಮಿಡ್, ಟ್ರೆಬಲ್ ಮೂರೂ ಇದ್ದ ಅದರ ಉದ್ದೇಶವೇ ಮಾರ್ಷಲ್ ಸ್ಟ್ಯಾಕನ್ನು (ಸ್ಪೀಕರ್ ಪೆಟ್ಟಿಗೆಗಳ ಮೇಲೆ ಕೂರಿಸಿದ ಆಂಪ್) ಡಬ್ಬಿಗೆ ತರುವುದು. ಜೆಫೆಟ್ ದಾರಿ ಹಿಡಿಯದೆ, ಆಪ್‌ಆಂಪ್ (ಸಿಗ್ನಲ್ ಏರಿಸುವ ಚಿಪ್) ಮತ್ತು ಎಲ್‌ಇಡಿಗಳಿಂದ ಅದು ಸೌಂಡ್ ಒಡೆಯುತ್ತದೆ. ಕಂಪನಿ 2023ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿತು. ಗವರ್ನರ್‌ನ ಸರ್ಕ್ಯೂಟನ್ನು ಅನುಸರಿಸಿದ ಅಗ್ಗದ ಪೆಡಲ್‌ಗಳು ಲೆಕ್ಕವಿಲ್ಲದಷ್ಟು. ಮಾರ್ಷಲ್ ಥರದ ಒರಟು ರಿದಮ್ ಬೇಕು, ದುಡ್ಡು ಕಡಿಮೆ ಇದೆ ಎನ್ನುವವರಿಗೆ ಇದು ಇಂದಿಗೂ ನಂಬಿಕಸ್ತ ಆಯ್ಕೆ.

ಈ ಬಗೆಯ ಹೆಚ್ಚಿನ ಪೆಡಲ್‌ಗಳಲ್ಲಿ ಸ್ಪೀಕರ್ ನಕಲು ಇರುವುದಿಲ್ಲ. ಆದ್ದರಿಂದ ಇವುಗಳಿಗೂ ಮುಂದೆ ನಿಜವಾದ ಗಿಟಾರ್ ಸ್ಪೀಕರ್ ಬೇಕು. ಇನ್ನೊಂದು ವಿಷಯ ಗಮನಿಸಿ. ಟ್ಯೂಬ್‌ಗಳು ನೂರಾರು ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ, ಪೆಡಲ್‌ಗೆ ಸಿಗುವುದು 9 ವೋಲ್ಟ್. ಹಾಗಾಗಿ ದೊಡ್ಡ, ತೆರೆದ ಕ್ಲೀನ್ ಸೌಂಡ್ ಇವುಗಳಿಂದ ನಿರೀಕ್ಷಿಸಬೇಡಿ. ಒಡೆಯುವ ಅಂಚಿನಿಂದ ಮುಂದಕ್ಕೆ ಇವು ಚೆನ್ನ. ಕೆಲವು 18 ವೋಲ್ಟ್ ಕೂಡ ತಾಳುತ್ತವೆ. ಆಗ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ಹಾಗೆ ಮಾಡಿ. ಇಲ್ಲದಿದ್ದರೆ ಪೆಡಲ್ ಸುಟ್ಟುಹೋಗಬಹುದು.

ಸ್ಪೀಕರ್ ಸಮೇತ ಅನಲಾಗ್

ಕಡಿಮೆ ಬೆಲೆಯಲ್ಲಿ ಆಂಪ್ ಸೌಂಡ್ ಅಂದ ತಕ್ಷಣ ನನಗೆ ಮೊದಲು ನೆನಪಾಗುವುದು ಈ ಬಗೆಯೇ. ಇದರ ಮೂಲ ನ್ಯೂಯಾರ್ಕ್‌ನ ಟೆಕ್ 21 ಕಂಪನಿ. ಆಂಡ್ರ್ಯೂ ಬಾರ್ಟಾ ಎಂಬವರು ರೂಪಿಸಿದ ಸ್ಯಾನ್ಸ್‌ಆಂಪ್ 1989ರಲ್ಲಿ ಬಂತು. ಆಂಪ್ ಇಲ್ಲದೆಯೇ ಗಿಟಾರನ್ನು ನೇರ ಮಿಕ್ಸರ್‌ಗೆ ಕೊಟ್ಟು ರೆಕಾರ್ಡ್ ಮಾಡಬಹುದು ಎಂದು ಅದು ತೋರಿಸಿಕೊಟ್ಟಿತು. ಎಲ್ಲವೂ ಅನಲಾಗ್ ಸರ್ಕ್ಯೂಟಿನಲ್ಲೇ. ಮುಂದೆ ಅದೇ ಕಂಪನಿ ಒಂದೊಂದು ಆಂಪ್ ಬಳಗಕ್ಕೆ ಒಂದೊಂದು ಪೆಡಲ್ ಮಾಡಿತು. ಫೆಂಡರ್‌ಗೆ ಬ್ಲಾಂಡ್, ವಾಕ್ಸ್‌ಗೆ ಲಿವರ್‌ಪೂಲ್, ಮಾರ್ಷಲ್‌ಗೆ ಬ್ರಿಟಿಷ್, ಮೆಸಾ ಬೂಗಿಗೆ ಕ್ಯಾಲಿಫೋರ್ನಿಯಾ.

ಜೋಯೊ ಕಂಪನಿಯ ಅಮೆರಿಕನ್ ಸೌಂಡ್, ಎಸಿ ಟೋನ್, ಬ್ರಿಟಿಷ್ ಸೌಂಡ್, ಕ್ಯಾಲಿಫೋರ್ನಿಯಾ ಸೌಂಡ್ ಪೆಡಲ್‌ಗಳು ಇದೇ ಹೆಜ್ಜೆಯಲ್ಲಿ ನಡೆದವು. ಟೆಕ್ 21ರ ಪೆಡಲ್‌ಗಳ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಇವುಗಳಲ್ಲಿ ಅಮೆರಿಕನ್ ಸೌಂಡ್ ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ವಾಪಸ್ ಕೊಡುವ ಪೆಡಲ್. ಡ್ರೈವ್ ತೀರಾ ಕಡಿಮೆ ಇಟ್ಟು ಇಂಟರ್‌ಫೇಸ್‌ಗೆ ನೇರ ಹಾಕಿ, ಅದರ ನಂತರ ಸ್ವಲ್ಪ ರಿವರ್ಬ್ (ಕೋಣೆಯಲ್ಲಿ ಅನುರಣಿಸಿದ ಹಾಗೆ ಕೇಳಿಸುವ ಎಫೆಕ್ಟ್) ಸೇರಿಸಿ. ಮಿನುಗುವ, ಅಂಚು ಸ್ವಲ್ಪವೇ ಒಡೆದ ಫೆಂಡರ್ ಸೌಂಡ್ ಸಿಗುತ್ತದೆ. ಬಹಳ ಜನ ಇದನ್ನು ಡ್ರೈವ್ ಪೆಡಲ್ ಥರ ಆನ್ ಆಫ್ ಮಾಡುತ್ತಾರೆ. ಅದಕ್ಕಿಂತ, ಸದಾ ಆನ್ ಇರುವ ಆಂಪ್ ಎಂದುಕೊಂಡು ಡ್ರೈವ್ ಪೆಡಲ್‌ಗಳ ಸಾಲಿನ ಕೊನೆಗೆ ಇಡಿ. ಬೇರೆ ಓವರ್‌ಡ್ರೈವ್‌ಗಳೆಲ್ಲ ಇದಕ್ಕಿಂತ ಮೊದಲು, ಗಿಟಾರ್ ಕಡೆ; ಡಿಲೇ (ಪ್ರತಿಧ್ವನಿ) ಮತ್ತು ರಿವರ್ಬ್ ಮಾತ್ರ ಇದರ ನಂತರ. ಆಗ ಇದರ ನಿಜವಾದ ಮುಖ ಕಾಣುತ್ತದೆ.

ನಾಬ್‌ಗಳ ಬಗ್ಗೆ ಒಂದು ಮಾತು. ಈ ಪೆಡಲ್‌ಗಳಲ್ಲಿ ಬಾಸ್, ಮಿಡ್, ಟ್ರೆಬಲ್ ಮೂರೂ ಆಕ್ಟಿವ್. ಅಂದರೆ ನಡುವೆ ಇಟ್ಟರೆ ಏನೂ ಬದಲಾಗುವುದಿಲ್ಲ. ಬಲಕ್ಕೆ ತಿರುಗಿಸಿದರೆ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ನಿಜವಾದ ಆಂಪ್‌ನ ಟೋನ್ ಸ್ಟ್ಯಾಕ್ ಬರೀ ಕತ್ತರಿಸುತ್ತದೆ, ಒಂದು ನಾಬ್ ಇನ್ನೊಂದನ್ನು ಎಳೆಯುತ್ತದೆ. ಆಂಪ್‌ನಲ್ಲಿ ಬಳಸುವ ಸೆಟ್ಟಿಂಗನ್ನೇ ಇಲ್ಲಿ ನಕಲು ಮಾಡಿದರೆ ಸರಿಯಾಗಿ ಕೇಳುವುದಿಲ್ಲ. ಮೂರನ್ನೂ ನಡುವೆ ಇಟ್ಟು, ಮೊದಲು ವಾಯ್ಸ್ ನಾಬ್ ತಿರುಗಿಸಿ. ಅದು ಮಿಡ್‌ನ ಸ್ವಭಾವವನ್ನೇ ಸರಿಸುತ್ತದೆ. ನಿಮ್ಮ ಗಿಟಾರ್‌ಗೆ ಒಪ್ಪುವ ಜಾಗ ಸಿಕ್ಕ ಮೇಲೆ ಉಳಿದದ್ದನ್ನು ಮುಟ್ಟಿ.

ಇನ್ನು ತೊಡಕು. ಜೋಯೊದ ಈ ಪೆಡಲ್‌ಗಳಲ್ಲಿ ಸ್ಪೀಕರ್ ನಕಲು ಸದಾ ಆನ್. ಆಫ್ ಮಾಡುವ ಸ್ವಿಚ್ ಇಲ್ಲ. ಗಿಟಾರ್ ಆಂಪ್‌ನ ಇನ್‌ಪುಟ್‌ಗೆ ಹಾಕಿದರೆ ನಕಲಿ ಸ್ಪೀಕರ್ ಒಮ್ಮೆ, ನಿಜವಾದ ಸ್ಪೀಕರ್ ಇನ್ನೊಮ್ಮೆ ಮೇಲಿನ ಸ್ವರಗಳನ್ನು ಕತ್ತರಿಸುತ್ತವೆ. ಸೌಂಡ್ ಮಂಕಾಗುತ್ತದೆ. ಸ್ವಲ್ಪ ಟ್ರೆಬಲ್ ಏರಿಸಿ ಸರಿ ಮಾಡಬಹುದು. ಈಗಾಗಲೇ ಚುಚ್ಚುವಷ್ಟು ಪ್ರಖರವಾದ ಆಂಪ್ ಇದ್ದರೆ ಈ ಮಂಕು ವರವೇ ಆಗಬಹುದು. ಆದರೂ ಆಂಪ್‌ನ ಇನ್‌ಪುಟ್‌ಗೆ ಹಾಕಿ ಮಾತ್ರ ಬಳಸುವವರು ಇದನ್ನು ಮೊದಲ ಆಯ್ಕೆ ಮಾಡಿಕೊಳ್ಳಬೇಡಿ. ಟೆಕ್ 21ರ ಹೊಸ ಆವೃತ್ತಿಗಳಲ್ಲಿ ಸ್ಪೀಕರ್ ನಕಲನ್ನು ಆಫ್ ಮಾಡುವ ಸ್ವಿಚ್ ಇದೆ. ಹೆಚ್ಚಿನ ಬೆಲೆ ಕೊಡುವುದಕ್ಕೆ ಅದೊಂದು ನ್ಯಾಯವಾದ ಕಾರಣ.

ಡಿಜಿಟಲ್: ಮಾದರಿ ಮತ್ತು ಪಡಿಯಚ್ಚು

ಡಿಜಿಟಲ್ ಪೆಡಲ್‌ಗಳಲ್ಲಿ ಎರಡು ದಾರಿಗಳಿವೆ. ಒಂದು, ಆಂಪ್‌ನ ಸರ್ಕ್ಯೂಟ್ ಹೇಗೆ ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಮಾದರಿ ಕಟ್ಟುವುದು. 2019ರಲ್ಲಿ ಬಂದ ಸ್ಟ್ರೈಮನ್ ಇರಿಡಿಯಂ ಇದಕ್ಕೆ ಹೆಸರಾದದ್ದು. ಅದರಲ್ಲಿ ಇರುವುದು ಮೂರೇ ಆಂಪ್: ಫೆಂಡರ್ ಡಿಲಕ್ಸ್ ರಿವರ್ಬ್, ವಾಕ್ಸ್ ಎಸಿ30, ಮಾರ್ಷಲ್ ಪ್ಲೆಕ್ಸಿ. ಚೆನ್ನಾಗಿದೆ, ಆದರೆ ಅಗ್ಗವಲ್ಲ. ಅದಕ್ಕಿಂತ ಬಹಳ ಕೆಳಗಿನ ಬೆಲೆಯಲ್ಲಿ ಎನ್‌ಯುಎಕ್ಸ್‌ನ ಆಂಪ್ ಅಕಾಡೆಮಿ ಸಿಗುತ್ತದೆ. ಹಲವು ಆಂಪ್ ಮಾದರಿಗಳು, ನಿಮಗೆ ಬೇಕಾದ ಐಆರ್ (ಸ್ಪೀಕರ್ ನಕಲಿನ ಫೈಲು) ಹಾಕಿಕೊಳ್ಳುವ ಸೌಲಭ್ಯ ಎರಡೂ ಇವೆ. ಮೂಅರ್‌ನ ಮೈಕ್ರೊ ಪ್ರೀಆಂಪ್ ಸಾಲಿನ ಪುಟ್ಟ ಪೆಡಲ್‌ಗಳು ಇನ್ನೂ ಅಗ್ಗ. ಒಂದೊಂದೂ ಒಂದೊಂದು ಆಂಪ್‌ಗೆ ಮೀಸಲು, ಎರಡು ಚಾನೆಲ್, ಸ್ಪೀಕರ್ ನಕಲನ್ನು ಆಫ್ ಮಾಡಬಹುದು.

ಐಆರ್ ಅಂದರೆ ನಿಜವಾದ ಸ್ಪೀಕರ್, ಅದರ ಪೆಟ್ಟಿಗೆ, ಮುಂದಿಟ್ಟ ಮೈಕ್ ಇವೆಲ್ಲ ಸೇರಿ ಸೌಂಡನ್ನು ಹೇಗೆ ಬದಲಿಸುತ್ತವೆ ಎಂಬುದರ ಒಂದು ಸಣ್ಣ ಫೈಲು. ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಆಂಪ್ ಮಾದರಿಗಿಂತಲೂ ಈ ಫೈಲೇ ಹೆಚ್ಚು ವ್ಯತ್ಯಾಸ ಮಾಡುತ್ತದೆ ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಐಆರ್ ಬದಲಿಸಲು ಬಿಡದ ಡಿಜಿಟಲ್ ಪೆಡಲನ್ನು, ಬೆಲೆ ತೀರಾ ಕಡಿಮೆ ಇದ್ದರೆ ಹೊರತು, ನಾನು ಶಿಫಾರಸು ಮಾಡುವುದಿಲ್ಲ.

ಎರಡನೆಯ ದಾರಿ ಕ್ಯಾಪ್ಚರ್. ನಿಜವಾದ ಆಂಪ್ ಒಂದನ್ನು ಒಂದು ನಿರ್ದಿಷ್ಟ ಸೆಟ್ಟಿಂಗ್‌ನಲ್ಲಿ ಇಟ್ಟು, ಮಷಿನ್ ಲರ್ನಿಂಗ್ ಬಳಸಿ ಅದರ ಪಡಿಯಚ್ಚು ತೆಗೆಯುತ್ತಾರೆ. ಐಕೆ ಮಲ್ಟಿಮೀಡಿಯಾದ ಟೋನೆಕ್ಸ್ ಒನ್ 2024ರಲ್ಲಿ ಈ ತಂತ್ರವನ್ನು ಪುಟ್ಟ ಪೆಡಲ್‌ಗೆ ತಂದಿತು. ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ಕಂಪ್ಯೂಟರ್ ಮತ್ತು ಇಂಟರ್‌ಫೇಸ್ ಇರುವವರು ಅದನ್ನು ಉಚಿತವಾಗಿ ಹಾಕಿಕೊಂಡು ನೋಡಬಹುದು. ಮನೆಯಲ್ಲಿ ಮಾತ್ರ ನುಡಿಸುವವರು ಪೆಡಲ್ ಕೊಳ್ಳುವ ಮುಂಚೆ ಇದನ್ನು ಒಮ್ಮೆ ಪ್ರಯತ್ನಿಸಲೇಬೇಕು.

ಒಂದೇ ಸೌಂಡನ್ನು ಹತ್ತಿರದಿಂದ ನೋಡಿದರೆ ಕ್ಯಾಪ್ಚರ್‌ನಷ್ಟು ನಿಖರವಾದದ್ದು ಈ ಬೆಲೆಗೆ ಬೇರೆ ಇಲ್ಲ. ಆದರೆ ಅದು ಆಂಪ್‌ನ ಒಂದು ಕ್ಷಣದ ಚಿತ್ರ. ಗೇನ್ ನಾಬ್ ತಿರುಗಿಸಿದಾಗ ನಿಜವಾದ ಆಂಪ್ ಬದಲಾಗುವ ಹಾಗೆ ಅದು ಬದಲಾಗುವುದಿಲ್ಲ. ಒಳ್ಳೆಯ ಪಡಿಯಚ್ಚುಗಳನ್ನು ಹುಡುಕಿ ಆರಿಸುವ ಕೆಲಸವೂ ನಿಮ್ಮದೇ. ಸಾವಿರಾರು ಇವೆ, ಅನೇಕ ಸಲ ನುಡಿಸುವ ಸಮಯವೆಲ್ಲ ಹುಡುಕಾಟಕ್ಕೇ ಹೋಗುತ್ತದೆ. ನಾಬ್ ತಿರುಗಿಸಿ ಕಿವಿಯಿಂದ ಕಲಿಯಬೇಕು ಎನ್ನುವವರಿಗೆ ಲೆಕ್ಕ ಹಾಕಿ ಕಟ್ಟಿದ ಮಾದರಿಯೇ ಮೇಲು.

ಈಗ ಯಾವ ಆಂಪ್ ಅನ್ನುವ ಪ್ರಶ್ನೆ

ಫೆಂಡರ್‌ನ 60ರ ದಶಕದ ಬ್ಲ್ಯಾಕ್‌ಫೇಸ್ ಆಂಪ್‌ಗಳಲ್ಲಿ ಮಿಡ್ ಭಾಗ ತಗ್ಗಿರುತ್ತದೆ. ಕೆಳಗೆ ತುಂಬಿದ ಬಾಸ್, ಮೇಲೆ ಹೊಳೆಯುವ ಟ್ರೆಬಲ್. ಡಿಲಕ್ಸ್ ರಿವರ್ಬ್ 22 ವಾಟ್, ಎರಡು 6ವಿ6 ಟ್ಯೂಬ್, ಒಂದು 12 ಇಂಚಿನ ಸ್ಪೀಕರ್. ಅದರಲ್ಲಿ ಮಿಡ್ ನಾಬೇ ಇಲ್ಲ. ಟ್ವಿನ್ ರಿವರ್ಬ್ 85 ವಾಟ್‌ನದು, ಒಡೆಯುವುದೇ ಅಪರೂಪ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಗಿಟಾರ್, ಕ್ಲೀನ್ ಕಾರ್ಡ್‌ಗಳು, ಫಂಕ್, ಕಂಟ್ರಿ, ಮೆತ್ತನೆಯ ಬ್ಲೂಸ್ ನಿಮ್ಮದಾದರೆ ಇದೇ ಬಳಗ. ಇನ್ನೊಂದು ಲಾಭ: ಬೇರೆ ಡ್ರೈವ್ ಪೆಡಲ್‌ಗಳನ್ನು ಇದಕ್ಕಿಂತ ಮೊದಲು, ಗಿಟಾರ್ ಕಡೆ ಇಟ್ಟರೆ ಎಲ್ಲವನ್ನೂ ಸಮಾಧಾನವಾಗಿ ಹೊತ್ತುಕೊಳ್ಳುತ್ತದೆ. ಯಾವುದು ಬೇಕೆಂದು ಗೊತ್ತಾಗದವರು ಇಲ್ಲಿಂದ ಶುರು ಮಾಡಲಿ.

ವಾಕ್ಸ್ ಎಸಿ30 ಇಂಗ್ಲೆಂಡಿನದು. 1950ರ ದಶಕದ ಕೊನೆಯಲ್ಲಿ ಡಿಕ್ ಡೆನ್ನಿ ರೂಪಿಸಿದ್ದು. ನಾಲ್ಕು ಇಎಲ್84 ಟ್ಯೂಬ್, ಪವರ್ ಆಂಪ್‌ನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಭಾಗವನ್ನು ವಾಪಸ್ ತಂದು ಸೌಂಡ್ ಬಿಗಿ ಮಾಡುವ ವ್ಯವಸ್ಥೆ) ಇಲ್ಲ. ಅದಕ್ಕೇ ಕ್ಲೀನ್‌ನಿಂದ ಒಡೆಯುವ ಕಡೆಗೆ ಮೆಲ್ಲನೆ, ಗೆರೆ ಕಾಣದ ಹಾಗೆ ಜಾರುತ್ತದೆ. ಮೇಲಿನ ಮಿಡ್ ಟಣ್ ಅಂತ ಮುಂದೆ ಬರುತ್ತದೆ. ತಂತಿಗಳನ್ನು ಬಿಡಿಬಿಡಿಯಾಗಿ ಮೀಟುವವರಿಗೆ, ಡಿಲೇ ಜೊತೆ ನುಡಿಸುವವರಿಗೆ ಇದರಷ್ಟು ಸುಖ ಕೊಡುವುದು ಕಡಿಮೆ. ಅದರ ಕಟ್ ನಾಬ್ ತಿರುಗಿಸಿದಷ್ಟೂ ಟ್ರೆಬಲ್ ಇಳಿಯುತ್ತದೆ. ಪೆಡಲ್‌ನಲ್ಲಿ ಕಟ್ ಅಂತ ನಾಬ್ ಕಂಡರೆ ಇದು ನೆನಪಿರಲಿ. ಅಗ್ಗದ ವಾಕ್ಸ್ ಪೆಡಲ್‌ಗಳು ಹೆಚ್ಚಾಗಿ ಸೋಲುವುದು ಟ್ರೆಬಲ್‌ನಲ್ಲೇ. ಹೊಳಪು ಇರಬೇಕಾದ ಕಡೆ ಚುಚ್ಚುತ್ತವೆ. ಈ ಬಳಗದಲ್ಲಿ ಮಾತ್ರ ಕೇಳದೆ ಕೊಳ್ಳಬೇಡಿ.

ಮಾರ್ಷಲ್ ಕಥೆ ಫೆಂಡರ್‌ನಿಂದಲೇ ಶುರು. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅಂಗಡಿಯಲ್ಲಿ ತಯಾರಾದ ಜೆಟಿಎಂ45, ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನು ಅನುಸರಿಸಿದ್ದು. ಅಲ್ಲಿಂದ 100 ವಾಟ್‌ನ ಸೂಪರ್ ಲೀಡ್ ಬೆಳೆಯಿತು. ಅದರ ಮಾದರಿ ಸಂಖ್ಯೆ 1959. ಅದು ಇಸವಿ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಮುಂದಿನ ಫಲಕ ಪ್ಲೆಕ್ಸಿಗ್ಲಾಸ್‌ನದ್ದಾದ್ದರಿಂದ ಪ್ಲೆಕ್ಸಿ ಎಂಬ ಹೆಸರು ಬಂತು. ಮಿಡ್ ತುಂಬಿದ, ಬಲವಾಗಿ ಮೀಟಿದರೆ ಗರ್ಜಿಸುವ ಸೌಂಡ್. ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರ್‌ಗೆ, ಬ್ಯಾಂಡ್‌ನಲ್ಲಿ ಎದ್ದು ಕೇಳಬೇಕಾದ ರಿದಮ್‌ಗೆ ಇದು. 1981ರ ಜೆಸಿಎಂ800 ಬಗೆಯ ಪೆಡಲ್ ಇನ್ನೂ ಬಿಗಿ, ಗೇನ್ ಜಾಸ್ತಿ. ಪ್ಲೆಕ್ಸಿ ಅಂತ ಬರೆದಿರುವ ಅನೇಕ ಅಗ್ಗದ ಪೆಡಲ್‌ಗಳು ನಿಜಕ್ಕೂ ಇದರ ಹತ್ತಿರ ಇರುತ್ತವೆ. ಗೇನ್ ನಾಬನ್ನು ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಹೆಡ್‌ಫೋನ್ ಮತ್ತು ಇಂಟರ್‌ಫೇಸ್ ಮಾತ್ರ ಇದೆ, ದುಡ್ಡು ತೀರಾ ಕಡಿಮೆ ಎಂದರೆ ಸ್ಪೀಕರ್ ಸಮೇತದ ಅನಲಾಗ್ ಪೆಡಲ್. ಫೆಂಡರ್ ಬಗೆಯದ್ದನ್ನೇ ತಗೊಳ್ಳಿ. ಇನ್ನಷ್ಟು ಖರ್ಚು ಮಾಡಬಹುದು, ಮೂರು ಬಳಗವೂ ಬೇಕು ಎಂದರೆ ಐಆರ್ ಬದಲಿಸಲು ಬಿಡುವ ಡಿಜಿಟಲ್ ಪೆಡಲ್. ಮೂರು ಬೇರೆ ಬೇರೆ ಅನಲಾಗ್ ಪೆಡಲ್ ಕೂಡಿಸುವ ದುಡ್ಡಲ್ಲಿ ಅದು ಬರುತ್ತದೆ.

ಸಣ್ಣ ಟ್ರಾನ್ಸಿಸ್ಟರ್ ಪ್ರಾಕ್ಟೀಸ್ ಆಂಪ್ ಇರುವವರೇ ಹೆಚ್ಚು. ಇಂಥ ಆಂಪ್‌ನ ಸ್ವಂತ ಟೋನ್ ಸ್ಟ್ಯಾಕ್ ಪೆಡಲ್ ಮೇಲೆ ತನ್ನ ಬಣ್ಣ ಬಳಿಯುತ್ತದೆ. ಅದನ್ನು ಆದಷ್ಟು ಸಪಾಟು ಮಾಡಬೇಕು. ಫೆಂಡರ್, ಮಾರ್ಷಲ್ ಬಗೆಯ ಟೋನ್ ಸ್ಟ್ಯಾಕ್ ಆದರೆ ಎಲ್ಲವನ್ನೂ ನಡುವೆ ಇಟ್ಟರೆ ಸಪಾಟಾಗುವುದಿಲ್ಲ. ಮಿಡ್ ಪೂರ್ತಿ ಏರಿಸಿ, ಬಾಸ್ ಮತ್ತು ಟ್ರೆಬಲ್ ತೀರಾ ಇಳಿಸಿ ನೋಡಿ, ಆಮೇಲೆ ಕಿವಿಗೆ ಒಪ್ಪುವಷ್ಟು ಏರಿಸುತ್ತ ಬನ್ನಿ. ಇದಕ್ಕೆ ಸ್ಪೀಕರ್ ನಕಲು ಇಲ್ಲದ ಪ್ರೀಆಂಪ್ ಪೆಡಲ್ ಚೆನ್ನ. ಆಂಪ್ ಹಿಂದೆ ಎಫೆಕ್ಟ್ಸ್ ರಿಟರ್ನ್ ಜಾಕ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿಗೆ ಹಾಕಿದರೆ ಆಂಪ್‌ನ ಪ್ರೀಆಂಪ್ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ, ಪೆಡಲ್ಲೇ ಪ್ರೀಆಂಪ್ ಆಗುತ್ತದೆ. ಕೆಲವು ಆಂಪ್‌ಗಳಲ್ಲಿ ಆಗ ವಾಲ್ಯೂಮ್ ನಾಬ್ ಕೆಲಸ ಮಾಡುವುದಿಲ್ಲ. ಪೆಡಲ್ ಲೆವೆಲನ್ನು ಸೊನ್ನೆಯಿಂದ ಶುರು ಮಾಡಿ.

ಒಳ್ಳೆಯ ಕ್ಲೀನ್ ಟ್ಯೂಬ್ ಆಂಪ್ ಇರುವವರಿಗೆ ಆಂಪ್ ನಕಲಿನ ಪೆಡಲ್ ಬೇಕಿರುವುದು ಇನ್ನೊಂದು ಚಾನೆಲ್ ಥರ ಅಷ್ಟೇ. ಫೆಂಡರ್ ಆಂಪ್‌ಗೆ ಮಾರ್ಷಲ್ ಪೆಡಲ್ ಹಾಕುವುದು ಬಹಳ ಜನ ಮಾಡುವ ಜೋಡಿ. ಪೆಡಲ್‌ನ ಬಾಸ್ ಸಾಕಷ್ಟು ಇಳಿಸಿ, ಮಿಡ್ ಏರಿಸಿ. ಇಲ್ಲದಿದ್ದರೆ ಕೆಳಗಿನ ತಂತಿಗಳು ಗುಮ್ಮೆಂದು ಕಲಸಿಹೋಗುತ್ತವೆ. ವಾಕ್ಸ್ ಬಗೆಯ ಆಂಪ್ ಆದರೆ ಟ್ರೆಬಲ್ ಇಳಿಸಿ, ಕಟ್ ಸ್ವಲ್ಪ ಏರಿಸಿ.

ಸ್ಟೇಜ್‌ನಲ್ಲಿ ನೇರ ಮಿಕ್ಸರ್‌ಗೆ ಹೋಗುವವರು ಸೌಂಡ್ ಜೊತೆಗೆ ಗಟ್ಟಿತನವನ್ನೂ ನೋಡಬೇಕು. ಲೋಹದ ಡಬ್ಬಿ, ಕಾಲಲ್ಲಿ ತಾಕಿದರೂ ತಿರುಗದ ನಾಬ್‌ಗಳು, ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಬದಲಿಸುವಾಗ ಸೌಂಡ್ ನಿಲ್ಲದಿರುವುದು. ಮಿನಿ ಪೆಡಲ್‌ಗಳು ಬ್ಯಾಗ್‌ನಲ್ಲಿ ಜಾಗ ಉಳಿಸುತ್ತವೆ ನಿಜ, ಆದರೆ ಕತ್ತಲೆಯಲ್ಲಿ ಅವುಗಳ ಪುಟ್ಟ ನಾಬ್ ಕಾಣುವುದಿಲ್ಲ. ಇಲ್ಲಿ ಸ್ವಲ್ಪ ಹೆಚ್ಚು ಖರ್ಚು ಮಾಡುವುದು ಸರಿ ಅಂತ ನನಗನ್ನಿಸುತ್ತದೆ. ಪೆಡಲ್ ಕೈಕೊಟ್ಟರೆ ಅಲ್ಲಿ ಬೇರೆ ಆಂಪ್ ಇರುವುದಿಲ್ಲ.

ಕೇಳಿ ನೋಡುವಾಗ

ಎರಡು ಪೆಡಲ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿ. ಕೂದಲೆಳೆ ಜೋರಾಗಿರುವುದೂ ನಮ್ಮ ಕಿವಿಗೆ ಒಳ್ಳೆಯದಾಗಿ ಕೇಳುತ್ತದೆ. ಮೆಲ್ಲಗೆ ಕೇಳುವಾಗ ಬಾಸ್ ಮತ್ತು ಟ್ರೆಬಲ್ ಕಿವಿಗೆ ಕಡಿಮೆ ಬೀಳುತ್ತವೆ. ಆದ್ದರಿಂದ ರಾತ್ರಿ ಮೆಲ್ಲಗೆ ಮಾಡಿದ ಸೆಟ್ಟಿಂಗ್ ಸ್ಟೇಜ್‌ನಲ್ಲಿ ಗುಮ್ಮೆನ್ನುತ್ತದೆ, ಚುಚ್ಚುತ್ತದೆ. ನುಡಿಸಬೇಕಾದ ವಾಲ್ಯೂಮ್‌ನಲ್ಲೇ ಕೇಳಿ ನಿರ್ಧರಿಸಿ.

ಮೊದಲು ಗೇನ್ ಕಡಿಮೆ ಇಟ್ಟು ಒಂದು ತೆರೆದ ಕಾರ್ಡ್ ಹೊಡೆದು ಬಿಟ್ಟುಬಿಡಿ. ಅದು ಕರಗುವವರೆಗೂ ಕೇಳಿ. ಕೊನೆಯಲ್ಲಿ ಸ್ವರ ನುಣುಪಾಗಿ ಸ್ವಚ್ಛಕ್ಕೆ ತಿರುಗಬೇಕು. ಕರಕರ ಎಂದು ತುಂಡಾಗಬಾರದು. ನಂತರ ಗಿಟಾರ್ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ನುಡಿಸಿ. ಆಮೇಲೆ ನೆಕ್ ಪಿಕಪ್‌ನಲ್ಲಿ ಕೆಳಗಿನ ತಂತಿಗಳನ್ನು ಬಲವಾಗಿ ಮೀಟಿ, ಪ್ರತಿ ಸ್ವರ ಬಿಡಿಯಾಗಿ ಕೇಳುತ್ತದೆಯೇ ನೋಡಿ. ಈ ಮೂರರಲ್ಲಿ ಪಾಸಾದ ಪೆಡಲ್‌ಗೆ ಗೇನ್ ಜಾಸ್ತಿ ಮಾಡಿ ನೋಡುವುದು ಕೊನೆಗೆ. ಡೆಮೊ ವಿಡಿಯೊ ನೋಡುವವರು ಗಿಟಾರ್ ಸಿಗ್ನಲ್ ಎಲ್ಲಿಗೆ ಹೋಗಿದೆ, ಹಿಂದೆ ಯಾವ ಆಂಪ್ ಇದೆ ಎಂಬ ವಿವರವನ್ನು ಹುಡುಕಿ. ನಿಮ್ಮ ಸಾಮಾನಿಗೆ ಹತ್ತಿರ ಇಲ್ಲದ ಡೆಮೊ ಎಷ್ಟೇ ಚಂದ ಇದ್ದರೂ ನಿಮ್ಮ ನಿರ್ಧಾರಕ್ಕೆ ಉಪಯೋಗವಿಲ್ಲ.

ಇಷ್ಟಾದ ಮೇಲೂ ಎರಡು ಪೆಡಲ್‌ಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ, ಸ್ಪೀಕರ್ ನಕಲನ್ನು ಆನ್ ಆಫ್ ಮಾಡಬಹುದಾದ ಪೆಡಲನ್ನು ತಗೊಳ್ಳಿ. ಇವತ್ತು ಹೆಡ್‌ಫೋನ್‌ನಲ್ಲಿ ನುಡಿಸುವವರು ಮುಂದಿನ ವರ್ಷ ಬ್ಯಾಂಡ್ ಸೇರಬಹುದು, ಆಂಪ್ ಕೊಳ್ಳಬಹುದು. ಆ ಒಂದು ಸ್ವಿಚ್ ಇದ್ದರೆ ಆಗಲೂ ಅದೇ ಪೆಡಲ್ ಸಾಕು.